ಓಲಾ ಅಂದ್ರೆ ಕ್ಯಾಬ್ ಅಲ್ಲ

ಸ್ಪ್ಯಾನಿಷ್ ಮಾತಾಡೋ ದೇಶಕ್ಕೆ ಹೋಗಿ ಇಂಗ್ಲಿಷ್ ಪಾಠ ಮಾಡ್ಕೊಂಡು ಬದುಕಬಹುದಾ? ಹೋದ ಸೆಮಿಸ್ಟರ್ ಪೂರ್ತಿ ನಾವು ಮೂರು ಜನ ಈ ಒಂದೇ ಪ್ರಶ್ನೆ ಹಿಡ್ಕೊಂಡು ಕೂತಿದ್ವಿ. ನಾವು ಅಂದ್ರೆ ಪಾವಗಡದವಳು, ಮದ್ದೂರಿನವನು, ಮತ್ತೆ ಇದನ್ನ ಟೈಪ್ ಮಾಡ್ತಿರೋ ಕೈ. ಮೂವರೂ ಇಸಿ ಬ್ರಾಂಚ್, ಮೂವರೂ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಸರ್ಕ್ಯೂಟ್ ಓದೋಕೆ ಬಂದವರಿಗೆ ಇದೇನು ಹುಚ್ಚು ಅಂತ ನೀವು ಕೇಳಬಹುದು. ಮೆಸ್ಸಲ್ಲಿ ಎಲ್ಲರೂ ಕೇಳಿ ಆಗಿದೆ, ನೀವೂ ಕೇಳಿ, ಪರವಾಗಿಲ್ಲ.

ಈ ಹುಚ್ಚು ಶುರುವಾಗಿದ್ದು ಪಾವಗಡದವಳಿಂದ. ಅವಳ ಊರಿಂದ ಅನಂತಪುರ ದೂರ ಇಲ್ಲ. ಚಿಕ್ಕವಳಿದ್ದಾಗ ಅಜ್ಜಿಯನ್ನ ಕಣ್ಣು ತೋರಿಸೋಕೆ ಆ ಕಡೆ ಕರ್ಕೊಂಡು ಹೋದಾಗೆಲ್ಲ ಸ್ಪೇನಿನವರನ್ನ ನೋಡ್ತಿದ್ದಳಂತೆ. ಬಾರ್ಸಿಲೋನಾದಲ್ಲಿ ಹುಟ್ಟಿದ ವಿಸೆಂಟ್ ಫೆರರ್ ಅನ್ನೋರು 1969ರಲ್ಲಿ ಅನಂತಪುರಕ್ಕೆ ಬಂದು, ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್ ಕಟ್ಟಿ, 2009ರಲ್ಲಿ ತೀರಿಹೋಗೋವರೆಗೂ ಆ ಬರದ ಸೀಮೆಯಲ್ಲೇ ಉಳಿದರು. ಆ ಟ್ರಸ್ಟಿಗೆ ದುಡ್ಡು ಕೊಡೋ ಸ್ಪೇನಿನ ಸಾವಿರಾರು ಮನೆಗಳಲ್ಲಿ ಕೆಲವರು ತಾವು ಓದಿಸ್ತಿರೋ ಮಗುವನ್ನ ನೋಡೋಕೆ ಅಷ್ಟು ದೂರದಿಂದ ಬರ್ತಾರೆ. "ಅವರು ಇಲ್ಲಿಗೆ ಬರಬಹುದು, ನಾವು ಅಲ್ಲಿಗೆ ಹೋಗಿ ಏನಾದ್ರೂ ಕಲಿಸೋಕಾಗಲ್ವಾ?" ಅನ್ನೋದು ಅವಳ ಪ್ರಶ್ನೆ. ಅವಳಿಗೆ ಕಲಿಸೋದು ಕೈಬಂದ ವಿದ್ಯೆ. ಇಂಟರ್ನಲ್ಸ್ ಹಿಂದಿನ ರಾತ್ರಿ ನೆಟ್‌ವರ್ಕ್ ಥಿಯರಿಯನ್ನ ಹಾಸ್ಟೆಲ್‌ನ ಅರ್ಧ ಫ್ಲೋರಿಗೆ ಹೇಳಿಕೊಟ್ಟು ಪಾಸ್ ಮಾಡಿಸಿದವಳು ಅವಳು. ಕೋಡಿಂಗ್ ಮಾಡೋಕೆ ಬರುತ್ತೆ, ಇಷ್ಟ ಇಲ್ಲ. ಆದರೆ ಅವಳ ಹೆಸರಲ್ಲಿ ನಾಲ್ಕು ಲಕ್ಷದ ಎಜುಕೇಶನ್ ಲೋನ್ ಇದೆ. ಆದ್ದರಿಂದ ಇದು ಬರೀ ಕನಸಿನ ಲೆಕ್ಕ ಅಲ್ಲ, ಇಎಂಐ ಲೆಕ್ಕವೂ ಹೌದು.

ಸ್ಪ್ಯಾನಿಷ್ ಅಧಿಕೃತ ಭಾಷೆಯಾಗಿರೋ ದೇಶಗಳು 20. ಒಂದು ಯುರೋಪಿನಲ್ಲಿ, ಒಂದು ಆಫ್ರಿಕಾದಲ್ಲಿ (ಈಕ್ವಟೋರಿಯಲ್ ಗಿನಿ, ಕ್ವಿಜ್‌ನವರು ನೆನಪಿಟ್ಕೊಳ್ಳಿ), ಉಳಿದದ್ದೆಲ್ಲ ಅಮೆರಿಕಾ ಖಂಡಗಳಲ್ಲಿ. ನಾವು ಮೊದಲು ನೋಡಿದ್ದು ಸ್ಪೇನನ್ನೇ.

ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ 'ಔಕ್ಸಿಲಿಯಾರ್ ದೆ ಕೊನ್ವೆರ್ಸಾಸಿಯೋನ್' ಅಂತ ಒಂದು ಹುದ್ದೆ ಇದೆ. ಅಂದ್ರೆ ಮಾತಿನ ಸಹಾಯಕರು. ಪಾಠ ಮಾಡೋಕೆ ಅಲ್ಲಿನ ಟೀಚರ್ ಇದ್ದೇ ಇರ್ತಾರೆ, ಸಹಾಯಕರ ಕೆಲಸ ಮಕ್ಕಳ ಬಾಯಿ ಬಿಡಿಸೋದು. ಅಕ್ಟೋಬರಿಂದ ಸುಮಾರು ಮೇ ತನಕ. ಬಹಳ ವರ್ಷ ಹೆಚ್ಚಿನ ಪ್ರಾಂತ್ಯಗಳಲ್ಲಿ ವಾರಕ್ಕೆ 12 ಗಂಟೆಗೆ ತಿಂಗಳಿಗೆ 700 ಯೂರೋ, ಮ್ಯಾಡ್ರಿಡ್‌ನಲ್ಲಿ 16 ಗಂಟೆಗೆ 1,000 ಯೂರೋ ಇತ್ತು. ವಾರಕ್ಕೆ 12 ಗಂಟೆ! ನಮ್ಮ ಲ್ಯಾಬ್ ಅವರ್ಸೇ ಅದಕ್ಕೆ ಹತ್ತಿರ ಇದೆ. ಮ್ಯಾಡ್ರಿಡ್ ಪ್ರಾಂತ್ಯ 2004ರಲ್ಲಿ ಸರ್ಕಾರಿ ಶಾಲೆಗಳಲ್ಲೇ ದ್ವಿಭಾಷಾ ಯೋಜನೆ ಶುರುಮಾಡಿತು. ಅಲ್ಲಿ ಇಂಗ್ಲಿಷ್ ಬರೀ ಒಂದು ಸಬ್ಜೆಕ್ಟ್ ಅಲ್ಲ, ವಿಜ್ಞಾನದಂಥ ಪಾಠಗಳೂ ಇಂಗ್ಲಿಷಲ್ಲೇ ನಡೀತವೆ. ಇದನ್ನ ಓದಿ ನಮಗೆ ಸ್ವಲ್ಪ ಜೀವ ಬಂತು. ಫೋಟೋಸಿಂಥೆಸಿಸ್‌ನಿಂದ ಫ್ಯಾರಡೇ ತನಕ ಇಂಗ್ಲಿಷಲ್ಲೇ ಉರು ಹೊಡೆದವರಲ್ವಾ ನಾವು. ಆದರೆ ಯಾವ ಯಾವ ದೇಶದವರು ಅರ್ಜಿ ಹಾಕಬಹುದು ಅಂತ ಪ್ರತಿ ವರ್ಷದ ಪ್ರಕಟಣೆಯಲ್ಲೇ ಪಟ್ಟಿ ಇರುತ್ತೆ. ಆಸೆ ಇರೋರು ಯೂಟ್ಯೂಬ್ ನಂಬದೆ ಆ ವರ್ಷದ ಪಟ್ಟಿಯನ್ನೇ ತೆಗೆದು ನೋಡಬೇಕು.

ಇನ್ನೊಂದು ದಾರಿ ಖಾಸಗಿ ಅಕಾಡೆಮಿಗಳು. ನಮ್ಮಲ್ಲಿ ಟ್ಯೂಷನ್ ಸೆಂಟರ್ ಇದ್ದ ಹಾಗೆ ಅಲ್ಲಿ ಬೀದಿಗೊಂದು ಇಂಗ್ಲಿಷ್ ಅಕಾಡೆಮಿ. ಶಾಲೆ ಬಿಟ್ಟ ಮೇಲೆ ಮಕ್ಕಳು, ಆಫೀಸ್ ಬಿಟ್ಟ ಮೇಲೆ ದೊಡ್ಡವರು. ಹಾಗಾಗಿ ಕೆಲಸ ಸಂಜೆ ನಾಲ್ಕರಿಂದ ರಾತ್ರಿ ಒಂಬತ್ತರವರೆಗೆ. ಸೆಪ್ಟೆಂಬರ್‌ನಲ್ಲಿ ಜನ ತಗೋತಾರೆ, ಜೂನ್‌ಗೆ ಮುಗೀತು. ಜುಲೈ, ಆಗಸ್ಟ್ ಎರಡು ತಿಂಗಳು ಬಹಳ ಜನರಿಗೆ ಸಂಬಳ ಇರಲ್ಲ. ಕಲಿಯೋರಲ್ಲಿ ಅರ್ಧ ಜನಕ್ಕೆ ಬೇಕಾಗಿರೋದು ಶೇಕ್ಸ್‌ಪಿಯರ್ ಅಲ್ಲ, ಕೇಂಬ್ರಿಡ್ಜ್ ಪರೀಕ್ಷೆಯ ಸರ್ಟಿಫಿಕೇಟ್. ಬಿ1, ಬಿ2 ಅಂತ ಲೆವೆಲ್‌ಗಳು. ಎಷ್ಟೋ ಯೂನಿವರ್ಸಿಟಿಗಳಲ್ಲಿ ಆ ಲೆವೆಲ್ ತೋರಿಸದೆ ಡಿಗ್ರಿ ಕೈಗೆ ಬರಲ್ಲ. ನಮ್ಮ ಆಕ್ಟಿವಿಟಿ ಪಾಯಿಂಟ್ಸ್ ಥರ ಅನ್ಕೊಳ್ಳಿ.

ಇಲ್ಲಿ ವೀಸಾ ಅನ್ನೋ ಗೋಡೆ ಬರುತ್ತೆ. ಯುರೋಪಿಯನ್ ಯೂನಿಯನ್ನಿನ ಹೊರಗಿನವರಿಗೆ ಕೆಲಸದ ಪರವಾನಗಿ ಬೇಕು ಅಂದ್ರೆ, ಸಾಮಾನ್ಯವಾಗಿ ಆ ಕೆಲಸಕ್ಕೆ ಒಳಗಿನವರು ಯಾರೂ ಸಿಗಲಿಲ್ಲ ಅಂತ ಕೆಲಸ ಕೊಡೋರು ತೋರಿಸಬೇಕು. ಸಣ್ಣ ಅಕಾಡೆಮಿಯವರು ಯಾಕೆ ಆ ತಲೆನೋವು ತಗೋತಾರೆ? ತಮಾಷೆ ಅಂದ್ರೆ ಬ್ರೆಕ್ಸಿಟ್ ಆದ ಮೇಲೆ ಬ್ರಿಟಿಷರೂ ಇದೇ ಕ್ಯೂನಲ್ಲಿ ನಿಂತಿದ್ದಾರೆ. ಇಂಗ್ಲಿಷ್ ಹುಟ್ಟಿದ ಊರಿನವರೇ ಇಂಗ್ಲಿಷ್ ಕಲಿಸೋಕೆ ಪರ್ಮಿಟ್ ಕೇಳಿಕೊಂಡು ನಿಂತಿರೋದು ನೋಡಿ ಮದ್ದೂರಿನವನಿಗೆ ಎರಡು ದಿನ ಬಹಳ ಖುಷಿ ಇತ್ತು.

ಕಾಗದಪತ್ರದ ಬಗ್ಗೆ ಒಂದೇ ಉಸಿರಲ್ಲಿ ಹೇಳಿಬಿಡ್ತೀವಿ: ಪಾಸ್‌ಪೋರ್ಟ್ ಆಫೀಸಿಂದ ಪೊಲೀಸ್ ಕ್ಲಿಯರೆನ್ಸ್, ಡಿಗ್ರಿ ಸರ್ಟಿಫಿಕೇಟಿಗೆ ರಾಜ್ಯದ ದೃಢೀಕರಣ, ಅದರ ಮೇಲೆ ವಿದೇಶಾಂಗ ಇಲಾಖೆಯ ಅಪೊಸ್ಟೀಲ್ ಮುದ್ರೆ (ಭಾರತ 2005ರಲ್ಲಿ ಆ ಒಪ್ಪಂದಕ್ಕೆ ಸೇರಿದ್ದರಿಂದ ಇಷ್ಟು ಸುಲಭ, ಹೌದು, ಇದೇ ಸುಲಭ), ಆಮೇಲೆ ಅಧಿಕೃತ ಅನುವಾದಕರಿಂದ ಸ್ಪ್ಯಾನಿಷ್‌ಗೆ ತರ್ಜುಮೆ. ಮಕ್ಕಳ ಜೊತೆ ಕೆಲಸ ಮಾಡೋರು ಸ್ಪೇನಿನಲ್ಲಿ ಲೈಂಗಿಕ ಅಪರಾಧದ ದಾಖಲೆ ಇಲ್ಲ ಅನ್ನೋ ಸರ್ಟಿಫಿಕೇಟನ್ನ ಬೇರೆ ಕೊಡಬೇಕು. ಇದೊಂದು ನಮಗೆ ಬಹಳ ಹಿಡಿಸಿತು, ನಮ್ಮಲ್ಲೂ ಇರಬೇಕಿತ್ತು. ಟೂರಿಸ್ಟ್ ವೀಸಾದಲ್ಲಿ ಹೋಗಿ ಅಲ್ಲೇ ಕೆಲಸ ಹುಡ್ಕೊಳ್ಳಿ, ನಮಗೆ ಮೊದಲು ಇಷ್ಟು ಕಟ್ಟಿ ಅನ್ನೋ ಏಜೆಂಟ್ ಸಿಕ್ಕಿದರೆ ಫೋನ್ ಇಟ್ಟುಬಿಡಿ.

ಟ್ರೈನಿಂಗ್‌ಗೆ ಹೆಸರಿರೋದು ಕೇಂಬ್ರಿಡ್ಜ್‌ನವರ ಸೆಲ್ಟಾ. ಪೂರ್ತಿ ಹೊತ್ತು ಮಾಡಿದ್ರೆ ನಾಲ್ಕು ವಾರ, ಕಮ್ಮಿ ಅಂದ್ರೂ 120 ಗಂಟೆ, ಅದರಲ್ಲಿ ಆರು ಗಂಟೆ ನಿಜವಾದ ವಿದ್ಯಾರ್ಥಿಗಳ ಮುಂದೆ ಪಾಠ ಮಾಡಿ ತೋರಿಸಬೇಕು. ಹಿಂದೆ ಕೂತು ಒಬ್ಬರು ಮಾರ್ಕ್ಸ್ ಹಾಕ್ತಿರ್ತಾರೆ. ಖರ್ಚು ಲಕ್ಷ ದಾಟುತ್ತೆ. ಅದು ಬಿಟ್ಟು ಮೊಬೈಲಲ್ಲೇ ಎರಡು ಸಾವಿರಕ್ಕೆ '120 ಗಂಟೆ ಟೆಫ್ಲ್' ಅಂತ ಮಾರೋರೂ ಇದ್ದಾರೆ. ಗಂಟೆ ಒಂದೇ, ಆದರೆ ಅದರಲ್ಲಿ ನಿಮ್ಮ ಮುಂದೆ ಒಬ್ಬ ವಿದ್ಯಾರ್ಥಿಯೂ ಇರಲ್ಲ.

ಇಷ್ಟೆಲ್ಲ ಓದಿ, ಎಕ್ಸೆಲ್ ಶೀಟ್ ಮಾಡಿ, ಜಾಹೀರಾತುಗಳನ್ನ ತೆಗೆದರೆ ಮೊದಲ ಸಾಲೇ ಮುಖಕ್ಕೆ ಹೊಡೆಯುತ್ತೆ: ನೇಟಿವ್ ಸ್ಪೀಕರ್ಸ್ ಓನ್ಲಿ. ಅಂದ್ರೆ ಯಾರು? ಕೆಳಗೆ ಅವರೇ ಬರೆದಿರ್ತಾರೆ. ಅಮೆರಿಕಾ, ಬ್ರಿಟನ್, ಐರ್ಲೆಂಡ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಕೆಲವು ಕಡೆ ದಕ್ಷಿಣ ಆಫ್ರಿಕಾ. ಏಳು ಪಾಸ್‌ಪೋರ್ಟ್.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಾವು ಮೂವರೂ ಓದಿದ್ದು ಬೇರೆ ಬೇರೆ ಊರಿನ ಬೇರೆ ಬೇರೆ ಶಾಲೆ. ಮೂರರಲ್ಲೂ ಒಂದು ನಿಯಮ ಮಾತ್ರ ಒಂದೇ, ಕ್ಯಾಂಪಸ್ಸಲ್ಲಿ ಕನ್ನಡ ಮಾತಾಡಿದ್ರೆ ಫೈನ್. ಒಂದು ಕಡೆ ಐದು ರೂಪಾಯಿ, ಒಂದು ಕಡೆ ಹತ್ತು, ಇನ್ನೊಂದು ಕಡೆ ದುಡ್ಡಿಲ್ಲ, ಕೊರಳಿಗೆ ಬೋರ್ಡ್. ಇದನ್ನ ಓದ್ತಿರೋ ನಿಮ್ಮಲ್ಲಿ ಎಷ್ಟು ಜನ ಬೋರ್ಡ್ ಹಾಕ್ಕೊಂಡಿದ್ರಿ ಗೊತ್ತಿಲ್ಲ, ಕನ್ನಡ ಸಂಘದಲ್ಲಿ ಕೈ ಎತ್ತಿಸಿದರೆ ಕಮ್ಮಿ ಏನೂ ಇರಲ್ಲ. ಬಿದ್ದು ಮಂಡಿ ಒಡೆದುಕೊಂಡಾಗ 'ಅಮ್ಮಾ' ಅಂದಿದ್ದಕ್ಕೂ ಮದ್ದೂರಿನವನಿಗೆ ಫೈನ್ ಬಿದ್ದಿತ್ತು. ಹಾಗೆ ಮನೆಭಾಷೆಯನ್ನ ಗೇಟಿನ ಹೊರಗೆ ಬಿಟ್ಟು, ದುಡ್ಡು ಕಟ್ಟಿ ಕೊಂಡ ಇಂಗ್ಲಿಷ್ ಇದು. ಹದಿನೈದು ವರ್ಷ ಎಲ್ಲ ಪಾಠ, ಎಲ್ಲ ಪರೀಕ್ಷೆ ಅದರಲ್ಲೇ. ಕೊನೆಗೆ ಅದನ್ನ ತಗೊಂಡು ಮಾರುಕಟ್ಟೆಗೆ ಹೋದ್ರೆ, "ಇದು ನಿಮ್ಮದಲ್ಲ" ಅಂತಾರೆ. ಕನ್ನಡದಲ್ಲಿ ಒಂದು ಪುಟ ತಪ್ಪಿಲ್ಲದೆ ಬರೆಯೋಕೆ ನಾವು ತಿಣುಕಬೇಕು, ಈ ಲೇಖನವನ್ನೇ ಸಂಪಾದಕರು ಎರಡು ಸಲ ತಿದ್ದಿದ್ದಾರೆ. ಹಾಗಾದ್ರೆ ನಾವು ಯಾವ ಭಾಷೆಯ ನೇಟಿವ್? ಪಾವಗಡದವಳು ಮನೇಲಿ ತೆಲುಗು ಮಿಶ್ರಿತ ಕನ್ನಡ ಮಾತಾಡ್ತಾಳೆ, ಅವಳ ಪಾಡು ಇನ್ನೂ ಕಷ್ಟ.

ನಮ್ಮ ಅಭಿಪ್ರಾಯ ಕೇಳಿದ್ರೆ, ನೇಟಿವ್ ಅನ್ನೋದು ನಾಲಿಗೆ ಪ್ರಶ್ನೆ ಅಲ್ಲ, ಪಾಸ್‌ಪೋರ್ಟ್ ಪ್ರಶ್ನೆ. ಕೆಲವು ಸಲ ಮುಖದ ಬಣ್ಣದ ಪ್ರಶ್ನೆ. ನಾವು ಹೇಳಿದ್ರೆ ಹೊಟ್ಟೆಕಿಚ್ಚು ಅನ್ನಬಹುದು. ಟೀಸಾಲ್ ಅನ್ನೋ ಇಂಗ್ಲಿಷ್ ಶಿಕ್ಷಕರ ಅಂತರರಾಷ್ಟ್ರೀಯ ಸಂಘವೇ 2006ರಲ್ಲಿ, ನೇಟಿವ್ ಅಲ್ಲ ಅನ್ನೋ ಕಾರಣಕ್ಕೆ ಶಿಕ್ಷಕರನ್ನ ದೂರ ಇಡೋದು ತಪ್ಪು ಅಂತ ಅಧಿಕೃತವಾಗಿ ಹೇಳಿಕೆ ಕೊಟ್ಟಿದೆ. ಜಾಹೀರಾತು ಕೊಡೋರು ಅದನ್ನ ಓದಿದ ಹಾಗೆ ಕಾಣಲ್ಲ.

ಸ್ಪೇನ್ ಬಿಟ್ಟು ಲ್ಯಾಟಿನ್ ಅಮೆರಿಕಾ ಕಡೆ ತಿರುಗಿದೆವು. ಚಿಲಿ ಸರ್ಕಾರ 2003ರಲ್ಲಿ 'ಇಂಗ್ಲೆಸ್ ಆಬ್ರೆ ಪ್ವೆರ್ತಾಸ್' ಅಂತ ಒಂದು ಯೋಜನೆ ಶುರುಮಾಡಿತ್ತು. ಇಂಗ್ಲಿಷ್ ಬಾಗಿಲು ತೆರೆಯುತ್ತೆ ಅಂತ ಅರ್ಥ. ಸರ್ಕಾರಿ ಶಾಲೆಗಳಿಗೆ ಹೊರದೇಶದ ಸ್ವಯಂಸೇವಕರನ್ನ ಕಳಿಸೋದೂ ಅದರ ಒಂದು ಭಾಗ. ಕೊಲಂಬಿಯಾದಲ್ಲಿ 2004ರಿಂದ ರಾಷ್ಟ್ರೀಯ ದ್ವಿಭಾಷಾ ಕಾರ್ಯಕ್ರಮ ಇದೆ. ಅಲ್ಲಿ ಹನ್ನೊಂದನೇ ಕ್ಲಾಸಿನ ರಾಷ್ಟ್ರೀಯ ಪರೀಕ್ಷೆ 'ಸಾಬೆರ್ 11'ರಲ್ಲೂ ಇಂಗ್ಲಿಷ್ ಇದೆ, ಡಿಗ್ರಿ ಮುಗಿಸೋರ 'ಸಾಬೆರ್ ಪ್ರೋ'ದಲ್ಲೂ ಇದೆ. ಬೇಡಿಕೆ ಇದೆ ಅಂತಾಯ್ತು. ಸಂಬಳ? 2025ರಲ್ಲಿ ಅಲ್ಲಿನ ಕನಿಷ್ಠ ವೇತನ ತಿಂಗಳಿಗೆ 14,23,500 ಪೆಸೊ. ಮದ್ದೂರಿನವನು ಆ ಅಂಕಿ ನೋಡಿ ಬ್ಯಾಗ್ ಪ್ಯಾಕ್ ಮಾಡೋಕೆ ಹೊರಟಿದ್ದ. ಒಂದು ರೂಪಾಯಿಗೆ ನಲವತ್ತೆಂಟು ಪೆಸೊ ಅಂತ ಭಾಗಿಸಿದ ಮೇಲೆ ಬಿಚ್ಚಿಟ್ಟ.

ಈ ಹುಡುಕಾಟದಲ್ಲೇ ನಮಗೆ ಒಬ್ಬ ಗೆಳೆಯ ಸಿಕ್ಕಿದ್ದು. ಮೆದೆಯಿನ್ ಊರಿನವನು, ಸಿವಿಲ್ ಇಂಜಿನಿಯರಿಂಗ್, ನಮ್ಮ ವಯಸ್ಸೇ. ಭಾಷೆ ಬದಲಾಯಿಸಿಕೊಳ್ಳೋ ಒಂದು ಆ್ಯಪ್‌ನಲ್ಲಿ ಪರಿಚಯ. ಅರ್ಧ ಗಂಟೆ ಅವನಿಗೆ ಇಂಗ್ಲಿಷ್, ಅರ್ಧ ಗಂಟೆ ನಮಗೆ ಸ್ಪ್ಯಾನಿಷ್, ದುಡ್ಡಿನ ಮಾತಿಲ್ಲ. ಕೊಲಂಬಿಯಾ ನಮಗಿಂತ ಹತ್ತೂವರೆ ಗಂಟೆ ಹಿಂದೆ. ನಮಗೆ ರಾತ್ರಿ ಒಂಬತ್ತಾದಾಗ ಅವನಿಗೆ ಬೆಳಗ್ಗೆ ಹತ್ತೂವರೆ. ಅವನು ತಿಂಡಿ ತಿಂತಾ ಮಾತಾಡ್ತಾನೆ, ನಾವು ಮೆಸ್ಸಿನ ಊಟ ಮರೆಯೋಕೆ ಮಾತಾಡ್ತೀವಿ.

ಮೊದಲ ದಿನ ಅವನು 'ಓಲಾ' ಅಂದ. ಬರೆಯೋದು 'ಹೋಲಾ', ಆದರೆ ಸ್ಪ್ಯಾನಿಷಲ್ಲಿ ಹ ಅಕ್ಷರ ಬರೀತಾರೆ, ಓದಲ್ಲ. ಇದು ಮದ್ದೂರಿನವನಿಗೆ ಹೇಳಿಕೊಡಬೇಕಾ? ಅವನ ಮನೇಲಿ ಹಾಲು ಅಂದ್ರೆ ಆಲು, ಹೊಲ ಅಂದ್ರೆ ಒಲ. "ನಮ್ಮ ತಾತ ಸ್ಪ್ಯಾನಿಷ್ ಮಾತಾಡ್ತಿದ್ರು ಕಣ್ರೋ" ಅಂತ ಅವತ್ತಿಂದ ಹೇಳ್ಕೊಂಡು ತಿರುಗ್ತಿದ್ದಾನೆ. 'ತೆಂಗೊ' ಅಂದ್ರೆ 'ನನ್ನ ಹತ್ತಿರ ಇದೆ' ಅಂತ ಅರ್ಥ. ಎಪ್ಪತ್ತು ತೆಂಗಿನ ಮರ ಇರೋ ಮನೆಯವನಿಗೆ ಅದನ್ನ ಉರು ಹೊಡೆಯೋ ಅಗತ್ಯ ಬೀಳಲಿಲ್ಲ. ಇನ್ನು ಮೇಜಿಗೆ 'ಮೆಸಾ', ಬಕೆಟ್‌ಗೆ 'ಬಾಲ್ದೆ', ದುಡ್ಡು ಕೊಡೋದಕ್ಕೆ 'ಪಗಾರ್'. ಉತ್ತರ ಕರ್ನಾಟಕದ ಗೆಳೆಯರು ಸಂಬಳಕ್ಕೆ ಪಗಾರ ಅಂತಾರಲ್ಲ, ಅದೇ. ಪೋರ್ಚುಗೀಸರು ಗೋವಾದಲ್ಲಿ ಇಳಿದು ನಮಗೆ ಬಿಟ್ಟುಹೋದ ಪದಗಳು. ಪೋರ್ಚುಗೀಸ್, ಸ್ಪ್ಯಾನಿಷ್ ಎರಡೂ ಅಕ್ಕತಂಗಿಯರು, ಹಾಗಾಗಿ ಕೆಲಸ ಹುಡುಕೋಕೆ ಮೊದಲು ಬೇಕಾದ ಪದ ನಮ್ಮ ಹುಬ್ಬಳ್ಳಿಯಲ್ಲೇ ಇತ್ತು.

ಕಲಿಸೋದು ಅಂದ್ರೆ ಏನು ಅಂತ ತಿಳಿದಿದ್ದು ಅವನ ತಪ್ಪುಗಳನ್ನ ಕೇಳ್ತಾ ಕೂತಾಗ. ಅವನು 'ಸ್ಕೂಲ್' ಅನ್ನಲ್ಲ, 'ಎಸ್ಕೂಲ್' ಅಂತಾನೆ. ಸ್ಪ್ಯಾನಿಷ್ ಪದಗಳು ಸ್ಕ, ಸ್ಟ, ಸ್ಪ ಇಂದ ಶುರುವಾಗಲ್ಲ, ಮುಂದೆ ಒಂದು 'ಎ' ಬರಲೇಬೇಕು. ನಮ್ಮ ಹಳ್ಳಿ ಕಡೆ 'ಇಸ್ಕೂಲು' ಅಂತಾರಲ್ಲ, ಎರಡೂ ಒಂದೇ ರೋಗ, ಔಷಧಿಯೂ ಒಂದೇ: ಮೊದಲು ಸ್‌ಸ್‌ಸ್ ಅಂತ ಹಾವಿನ ಹಾಗೆ ಎಳೆದು ಆಮೇಲೆ 'ಕೂಲ್' ಅನ್ನಿಸಬೇಕು. ಪಾವಗಡದವಳ ತಂಗಿಗೆ ಅವರಮ್ಮ ಹೀಗೇ ಕಲಿಸಿದ್ದರಂತೆ. ಐದೇ ನಿಮಿಷ. 'ವೆರಿ ಗುಡ್' ಬದಲು 'ಬೆರಿ ಗುಡ್' ಅಂತಾನೆ, ಅವನ ಕಿವಿಗೆ ವ, ಬ ಎರಡೂ ಒಂದೇ. ಇಂಗ್ಲಿಷಿನ ಎರಡು ವಕಾರಗಳಿಗೆ ನಮ್ಮಲ್ಲಿ ಇರೋದು ಒಂದೇ ವ. 'ವೆಸ್ಟ್', 'ವೆಸ್ಟ್', 'ಬೆಸ್ಟ್' ಅಂತ ಮೂರು ಪದ ಬರೆದು, ಅವನು ಕೊನೆಯ ಜೋಡಿಯಲ್ಲಿ, ನಾವು ಮೊದಲ ಜೋಡಿಯಲ್ಲಿ ಹಲ್ಲು ತುಟಿ ಕಚ್ಚಿ ಪ್ರಾಕ್ಟೀಸ್ ಮಾಡಿದ್ದನ್ನ ಪಕ್ಕದ ರೂಮಿನವರು ಬಾಗಿಲಲ್ಲಿ ನಿಂತು ನೋಡಿ ಹೋದರು.

'ಐ ಹ್ಯಾವ್ ನೈನ್‌ಟೀನ್ ಇಯರ್ಸ್' ಅಂತಾನೆ. ಸ್ಪ್ಯಾನಿಷಲ್ಲಿ ವಯಸ್ಸು 'ಆಗೋದು' ಅಲ್ಲ, 'ಇರೋದು'. 'ಈಸ್ ರೇನಿಂಗ್' ಅಂತಾನೆ, 'ಇಟ್' ಇಲ್ಲ. ಯಾಕಂದ್ರೆ ಅವನ ಭಾಷೆಗೆ ಆ ಖಾಲಿ 'ಇಟ್' ಬೇಕಾಗಿಲ್ಲ. ಕನ್ನಡಕ್ಕೂ ಬೇಡ, ಹೊರಗೆ ಮಳೆ ಬರ್ತಿದೆ ಅಷ್ಟೇ, 'ಅದು' ಬರ್ತಿದೆ ಅಂತ ಯಾರಂತಾರೆ? ಇನ್, ಆನ್, ಆ್ಯಟ್ ಮೂರಕ್ಕೂ ಬಹಳ ಕಡೆ ಅವನ ಹತ್ತಿರ 'ಎನ್' ಅಂತ ಒಂದೇ ಪದ. ನಮ್ಮ 'ಅಲ್ಲಿ' ಪ್ರತ್ಯಯದ ಹಾಗೆ: ಮನೆಯಲ್ಲಿ, ಬಸ್ಸಿನಲ್ಲಿ, ನಿಲ್ದಾಣದಲ್ಲಿ. ಎಲ್ಲಿ 'ಇನ್', ಎಲ್ಲಿ 'ಆನ್' ಅಂತ ನಮಗೆ ನಾಲ್ಕನೇ ಕ್ಲಾಸಲ್ಲಿ ಮಿಸ್ ಹೇಳಿಕೊಟ್ಟ ಉಪಾಯ (ಒಳಗೆ ಎದ್ದು ನಡೆದಾಡೋಕಾಗೋ ಗಾಡಿಗೆ 'ಆನ್', ಬಗ್ಗಿ ಕೂರಬೇಕಾದ ಗಾಡಿಗೆ 'ಇನ್') ಅವನಿಗೆ ಹೇಳಿದೆವು. ಲಂಡನ್ನಿನ ಒಬ್ಬ ಹುಡುಗನ ಹತ್ತಿರ ಅವನು ಮೊದಲು ಇದೇ ಪ್ರಶ್ನೆ ಕೇಳಿದ್ದನಂತೆ. "ಹಾಗೇ ಅಂತೀವಿ, ಯಾಕೆ ಅಂತ ಗೊತ್ತಿಲ್ಲ" ಅಂದನಂತೆ ಆ ನೇಟಿವ್.

ನಮಗೆ ಅತಿ ಇಷ್ಟವಾಗಿದ್ದು 'ಮೆ ಗುಸ್ತಾ ಎಲ್ ಕಫೆ'. ಇದನ್ನ ಇಂಗ್ಲಿಷ್ ಮೂಲಕ ಕಲಿಯೋರು ಒದ್ದಾಡ್ತಾರೆ, ಯಾಕಂದ್ರೆ ಇಂಗ್ಲಿಷಲ್ಲಿ 'ನಾನು' ಇಷ್ಟಪಡ್ತೀನಿ. ಸ್ಪ್ಯಾನಿಷಲ್ಲಿ ಕಾಫಿಯೇ ಕರ್ತೃ, ನಾನು ಬರೀ 'ನನಗೆ'. ನನಗೆ ಕಾಫಿ ಇಷ್ಟ. ಪದಕ್ಕೆ ಪದ ಕನ್ನಡವೇ! ಚತುರ್ಥಿ ವಿಭಕ್ತಿ ಅಂತ ಹೈಸ್ಕೂಲಲ್ಲಿ ಸೆಕೆಂಡ್ ಲ್ಯಾಂಗ್ವೇಜ್ ಕನ್ನಡದಲ್ಲಿ ಮೂರು ಮಾರ್ಕ್ಸಿಗೆ ಓದಿ ಬಿಟ್ಟಿದ್ದು ಆಂಡೀಸ್ ಬೆಟ್ಟದ ಕಡೆಯಿಂದ ವಾಪಸ್ ಬಂತು. 'ತೂ' ಮತ್ತು 'ಉಸ್ತೆದ್' ಅಂದ್ರೆ ನೀನು, ನೀವು. ತ, ದ ಎರಡೂ ನಮ್ಮ ಹಾಗೇ ಹಲ್ಲಿಗೆ ತಾಗಿಸಿ ಹೇಳೋದು. ಅಮೆರಿಕಾದವರು ಅಲ್ಲಿ ಹೋಗಿ ಟಕಾರ ಡಕಾರ ಮಾಡ್ತಾರೆ, ನಾವು ಮಾಡಲ್ಲ. 'ಪೆರೊ' ಅಂದ್ರೆ ಆದರೆ, ರಕಾರವನ್ನ ಗಡಗಡ ಉರುಳಿಸಿ 'ಪೆರ್‍ರೊ' ಅಂದ್ರೆ ನಾಯಿ. ಹಳಗನ್ನಡದಲ್ಲಿ ಎರಡು ರಕಾರ ಇತ್ತು, ಶಕಟರೇಫ ಅಂತಿದ್ರು, ಅದನ್ನ ನಾವು ಬಿಟ್ಟುಬಿಟ್ವಿ, ಅವರು ಇಟ್ಕೊಂಡಿದ್ದಾರೆ ಅಂತ ನಮ್ಮ ಸಂಘದ ಅಧ್ಯಕ್ಷರ ಹತ್ತಿರ ಹೇಳಿದಾಗ ಅವರು ಒಂದು ಲೇಖನ ಬರೀರಿ ಅಂದರು. ಅದೇ ಇದು.

ಎಚ್ಚರಿಕೆ ಒಂದಿಷ್ಟು: 'ಎಂಬಾರಸಾದಾ' ಅಂದ್ರೆ ಎಂಬರಾಸ್ ಆಗಿರೋದು ಅಲ್ಲ, ಬಸುರಿ ಅಂತ. 'ಕೊನ್ಸ್ತಿಪಾದೊ' ಅಂದ್ರೆ ಸ್ಪೇನಿನಲ್ಲಿ ಬರೀ ನೆಗಡಿ.

ಅವನಿಗೆ ಇಂಗ್ಲಿಷ್ ಬೇಕಾಗಿದ್ದು ಒಂದು ಪ್ರೆಸೆಂಟೇಶನ್‌ಗೆ. ವಿಷಯ ಅವರ ಊರಿನ ಮೆಟ್ರೋಕೇಬಲ್. ಮೆದೆಯಿನ್ ಒಂದು ಕಣಿವೆ ಊರು, ಬಡವರ ಮನೆಗಳು ಗುಡ್ಡದ ಇಳಿಜಾರಲ್ಲಿ. 1995ರಲ್ಲಿ ಕಣಿವೆಯ ತಳದಲ್ಲಿ ಮೆಟ್ರೋ ಬಂತು, ಆದರೆ ಗುಡ್ಡದ ಮೇಲಿರೋರು ಅಲ್ಲಿಗೆ ಇಳಿದು ಬರೋದೇ ಒಂದು ಪ್ರಯಾಣ. 2004ರಲ್ಲಿ ಅಸೆವೇದೊ ಸ್ಟೇಷನ್ನಿಂದ ಸಾಂತೊ ದೊಮಿಂಗೊ ಬಡಾವಣೆಗೆ ಕೇಬಲ್ ಕಾರ್ ಹಾಕಿದರು. ಪ್ರವಾಸಿಗರಿಗಲ್ಲ, ಕೆಲಸಕ್ಕೆ ಹೋಗೋರಿಗೆ, ಮೆಟ್ರೋದ ಭಾಗವಾಗಿಯೇ. 2011ರಲ್ಲಿ ಇನ್ನೊಂದು ಗುಡ್ಡಕ್ಕೆ ಬಯಲಲ್ಲೇ ಎಸ್ಕಲೇಟರ್ ಹಾಕಿದರು. ಅವನ ಅಜ್ಜಿ ಅದೇ ಕೇಬಲ್ಲಲ್ಲಿ ಇಳಿದು ಮನೆಗೆಲಸಕ್ಕೆ ಹೋಗ್ತಿದ್ದರಂತೆ. ಟೆನ್ಷನ್, ಪುಲ್ಲಿ, ಲೋಡ್ ಇವೆಲ್ಲ ಅವನಿಗೂ ಗೊತ್ತು, ನಮಗೂ ಗೊತ್ತು. ಇಂಗ್ಲಿಷ್ ಮೇಷ್ಟ್ರಿಗೆ ಗೊತ್ತಿರಲ್ಲ. ಅವನ ಸ್ಲೈಡುಗಳನ್ನ ನಾಲ್ಕು ವಾರ ಕೂತು ತಿದ್ದಿದೆವು. ಪಾಸಾದ. ಅವನ ಅಮ್ಮ ಕ್ಯಾಮೆರಾ ಮುಂದೆ ಬಂದು ನಮಗೆ ಸ್ಪ್ಯಾನಿಷಲ್ಲಿ ಏನೇನೋ ಹೇಳಿದರು, ಅರ್ಧ ಅರ್ಥ ಆಯ್ತು, ಊಟಕ್ಕೆ ಬನ್ನಿ ಅನ್ನೋದು ಪೂರ್ತಿ ಅರ್ಥ ಆಯ್ತು.

ಆಮೇಲೆ ಅವನ ಅಕ್ಕ ಇಂಗ್ಲಿಷ್ ಕಲೀತಿರೋ ಅಲ್ಲಿನ ಒಂದು ಸಣ್ಣ ಇನ್‌ಸ್ಟಿಟ್ಯೂಟಿನಲ್ಲಿ ಶನಿವಾರದ ಮಾತುಕತೆ ಕ್ಲಾಸಿಗೆ ಆನ್‌ಲೈನ್ ಜನ ಬೇಕಾಗಿದೆ ಅಂತ ಗೊತ್ತಾಯ್ತು. ಪಾವಗಡದವಳು ಬರೆದಳು. ಅರ್ಧ ಗಂಟೆ ಡೆಮೋ ಕೇಳಿದರು, ಆರು ಜನ ವಿದ್ಯಾರ್ಥಿಗಳು. ಅವಳು ಗ್ರಾಮರ್ ಮುಟ್ಟಲೇ ಇಲ್ಲ. "ನಿಮ್ಮ ಮನೆಯಿಂದ ಮೆಟ್ರೋ ಸ್ಟೇಷನ್‌ಗೆ ನಾನು ಹೇಗೆ ಬರಲಿ, ಹೇಳಿ" ಅಂತ ಒಂದೇ ಪ್ರಶ್ನೆ ಹಾಕಿ, ತಾನು ಪೇಪರಲ್ಲಿ ಅವರು ಹೇಳಿದಂಗೆ ಮ್ಯಾಪ್ ಬರೀತಾ ಹೋದಳು. ತಪ್ಪಾಗಿ ಹೇಳಿದ್ರೆ ಮ್ಯಾಪಲ್ಲಿ ಅವಳು ನದಿಗೆ ಬೀಳ್ತಿದ್ದಳು. ಆರೂ ಜನ ನಗ್ತಾ, ಕಿರುಚ್ತಾ ಇಂಗ್ಲಿಷ್ ಮಾತಾಡಿದರು. ಫ್ರೇಮಿನ ಹೊರಗೆ ನೆಲದ ಮೇಲೆ ಕೂತಿದ್ದ ನಮಗಿಬ್ಬರಿಗೆ ಇದು ಆಯ್ತು ಬಿಡು ಅನಿಸಿತ್ತು.

ಎರಡು ದಿನ ಬಿಟ್ಟು ಅಲ್ಲಿನ ಕೋಆರ್ಡಿನೇಟರ್ ಫೋನ್ ಮಾಡಿದರು. ಬಹಳ ಮರ್ಯಾದೆಯಿಂದಲೇ ಮಾತಾಡಿದರು. ಕ್ಲಾಸ್ ತುಂಬ ಚೆನ್ನಾಗಿತ್ತು, ವಿದ್ಯಾರ್ಥಿಗಳಿಗೂ ಹಿಡಿಸಿದೆ, ಆದರೆ ದುಡ್ಡು ಕಟ್ಟೋರು 'ನತೀವಾ' ಬೇಕು ಅಂತ ಕೇಳ್ತಾರೆ. ನೀನು ಕೆನಡಾದಲ್ಲಿ ಬೆಳೆದವಳು ಅಂತ ಪೋಸ್ಟರಲ್ಲಿ ಹಾಕೋಣವಾ? ನಿನ್ನ ಇಂಗ್ಲಿಷಿಗೆ ಯಾರೂ ಅನುಮಾನ ಪಡಲ್ಲ.

ಇದನ್ನ ಹೊಗಳಿಕೆ ಅನ್ಕೋಬೇಕಾ, ಏನು ಅನ್ಕೋಬೇಕು? ಮದ್ದೂರಿನವನು "ಹೂಂ ಅನ್ನು, ಯಾರು ಬಂದು ನೋಡ್ತಾರೆ, ಪಾವಗಡದ ಬಿಸಿಲಲ್ಲಿ ಸೋಲಾರ್ ಪಾರ್ಕ್ ಇದ್ರೇನು, ಕೆನಡಾ ಅಂದ್ರೇನು" ಅಂದ. ಅದು ತಮಾಷೆ ಆದರೂ ಅದರೊಳಗೆ ಲೆಕ್ಕ ಇತ್ತು. ನಾಲ್ಕು ಲಕ್ಷ, ಶೇಕಡಾ 10 ಬಡ್ಡಿ, ಏಳು ವರ್ಷ ಅಂದ್ರೆ ತಿಂಗಳಿಗೆ ಸುಮಾರು 6,600 ಕಟ್ಟಬೇಕು. ಕೆನಡಾದವಳಾದರೆ ಪೂರ್ತಿ ಟೀಚರ್ ರೇಟು. ಪಾವಗಡದವಳು ಆ ರಾತ್ರಿ ಉತ್ತರ ಕೊಡಲಿಲ್ಲ. ಮಾರನೇ ದಿನ ಲ್ಯಾಬಲ್ಲಿ ಬ್ರೆಡ್‌ಬೋರ್ಡ್ ಮೇಲೆ ವೈರ್ ಚುಚ್ತಾ, "ಸ್ಕೂಲಲ್ಲಿ ಕನ್ನಡ ಬರಲ್ಲ ಅಂತ ನಟಿಸಿದ್ದು ಸಾಕು, ಇನ್ನು ಪಾವಗಡ ಗೊತ್ತಿಲ್ಲ ಅಂತ ಬೇರೆ ನಟಿಸಲಾ" ಅಂದಳು. ಮೇಲ್ ಬರೆದಿದ್ದು ಮೂರೇ ಸಾಲು. ಊರು ಪಾವಗಡ, ದೇಶ ಇಂಡಿಯಾ, ಇಷ್ಟ ಇದ್ರೆ ಹೇಳಿ.

ಎರಡು ವಾರ ಸುದ್ದಿಯೇ ಇಲ್ಲ. ನಮ್ಮ ಗೆಳೆಯ ನಾಚಿಕೊಂಡು ಕಾಲ್‌ಗೇ ಬರಲಿಲ್ಲ. ಮೂರನೇ ವಾರ ಇನ್‌ಸ್ಟಿಟ್ಯೂಟಿನಿಂದ ಉತ್ತರ ಬಂತು. ಟೀಚರ್ ಅಂತ ಅಲ್ಲ, 'ಮಾತಿನ ಸಹಾಯಕಿ' ಅಂತ ತಗೋತಾರೆ, ಗಂಟೆಗೆ 18,000 ಪೆಸೊ. ನಮ್ಮ ದುಡ್ಡಲ್ಲಿ ಸುಮಾರು 370 ರೂಪಾಯಿ. ಅದೇ ಕ್ಲಾಸಿಗೆ ಅಮೆರಿಕಾದವರಿಗೆ ಎಷ್ಟು ಕೊಡ್ತಿದ್ರು ಅಂತ ಗೆಳೆಯನ ಅಕ್ಕ ಹೇಳಿದ್ದಾಳೆ, ಅದನ್ನ ಇಲ್ಲಿ ಬರೆದು ನಿಮ್ಮ ಊಟ ಕೆಡಿಸಲ್ಲ. ನಮ್ಮಲ್ಲೇ ಜಗಳ ಆಯ್ತು. ಕಮ್ಮಿ ದುಡ್ಡಿಗೆ ಒಪ್ಪಿದ್ರೆ ನಮ್ಮ ಬೆಲೆ ಅಷ್ಟೇ ಅಂತ ನಾವೇ ಒಪ್ಪಿದ ಹಾಗಲ್ವಾ ಅನ್ನೋದು ಒಂದು ಪಕ್ಷ. ಆರು ಜನರ ಮುಂದೆ ನಿಂತ ಅನುಭವ ಸೆಲ್ಟಾ ಅರ್ಜಿಗೂ ಆಗುತ್ತೆ, ಬಾಗಿಲ ಸಂದಿಯಲ್ಲಿ ಕಾಲು ಇಟ್ಟಿರೋಣ ಅನ್ನೋದು ಇನ್ನೊಂದು. ಈ ಜಗಳ ಇನ್ನೂ ಮುಗಿದಿಲ್ಲ, ಆದರೆ ಪಾವಗಡದವಳು ಅದು ಮುಗಿಯೋಕೆ ಕಾಯಲಿಲ್ಲ. ಆರು ತಿಂಗಳಿಗೆ ಅಂತ ಒಪ್ಪಿಕೊಂಡಳು, ಆಮೇಲೆ ರೇಟಿನ ಮಾತು ಮತ್ತೆ ಎತ್ತಬೇಕು ಅಂತ ಮೇಲಲ್ಲೇ ಬರೆಸಿಕೊಂಡಳು. ಪೋಸ್ಟರಲ್ಲಿ 'ಪಾವಗಡ, ಇಂಡಿಯಾ' ಅಂತಲೇ ಇದೆ. ಪಾವಗಡದ ಸ್ಪೆಲ್ಲಿಂಗ್ ತಪ್ಪಾಗಿದೆ, ಬಕಾರ ಹಾಕಿದ್ದಾರೆ.

ಮನೇಲಿ ಇನ್ನೂ ಹೇಳಿಲ್ಲ. ಅವಳಪ್ಪ ಡಿಗ್ರಿ ಆದ ಮೇಲೆ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿ ಅಂತ ಊರೆಲ್ಲ ಹೇಳಿಟ್ಟಿದ್ದಾರೆ. ಕೊಲಂಬಿಯಾ ಅಂದ್ರೆ ಅವರಿಗೆ ಗೊತ್ತಿರೋದು ಒಟಿಟಿಯ ಡ್ರಗ್ಸ್ ಸೀರೀಸ್ ಮಾತ್ರ. ಗೆಳೆಯನಿಗೂ ಅದರ ಬಗ್ಗೆ ಕೋಪ ಇದೆ, ನಮ್ಮನ್ನ ಹಾವಾಡಿಗರ ದೇಶ ಅಂದ್ರೆ ನಮಗೆ ಬರುತ್ತಲ್ಲ, ಅದೇ ಥರದ್ದು.

ನಾಲ್ಕು ಕ್ಲಾಸ್ ಆಗಿದೆ. ಐದನೆಯದು ಈ ಶನಿವಾರ, ಅಲ್ಲಿ ಬೆಳಗ್ಗೆ ಹತ್ತು, ನಮಗೆ ರಾತ್ರಿ ಎಂಟೂವರೆ. ಅದೇ ಹೊತ್ತಿಗೆ ಹಾಸ್ಟೆಲ್‌ನಲ್ಲಿ ಎಲ್ಲರೂ ಮ್ಯಾಚ್ ಹಾಕ್ಕೊಂಡು ವೈಫೈ ನೆಲಕಚ್ಚುತ್ತೆ. ಮದ್ದೂರಿನವನ ಫೋನಿನ ಡೇಟಾ ಯಾರೂ ಮುಟ್ಟಬೇಡಿ ಅಂತ ರೂಮಿನ ಗೋಡೆಗೆ ಚೀಟಿ ಅಂಟಿಸಿದ್ದೀವಿ.